ರಸೀದಿ ಪುಸ್ತಕ ಹಿಡಿದು ಓಡಾಡಿದವರಿಗೆ ಸನ್ಮಾನ: ಸರಿಯಾಗಿ ಮಾಡುವುದು ಹೇಗೆ?

ಕಳೆದ ವರ್ಷ ಮುಂಬೈಯ ಒಂದು ಸಭಾಗೃಹದಲ್ಲಿ ಹದಿನಾಲ್ಕು ಜನರಿಗೆ ಸನ್ಮಾನ ಆಯಿತು. ಎಲ್ಲರೂ ಒಂದು ಮಗುವಿನ ಚಿಕಿತ್ಸೆಗೆ ಮನೆ ಮನೆ ಹತ್ತಿ ಹಣ ಕೂಡಿಸಿದವರು. ಹದಿನಾಲ್ಕು ಸನ್ಮಾನ ಪತ್ರಗಳಲ್ಲೂ ಒಂದೇ ಮಾತು, ಹೆಸರು ಮಾತ್ರ ಬೇರೆ. ನಿರೂಪಕರು ಮೊದಲನೆಯದನ್ನು ಪೂರ್ತಿ ಓದಿದರು. ಎರಡನೆಯದನ್ನು ಅರ್ಧ ಓದಿದರು. ಮೂರನೆಯದರಿಂದ ಬರೀ ಹೆಸರು. ನನ್ನ ಪಕ್ಕ ಕೂತಿದ್ದ ಅಕ್ಕನ ಸರದಿ ಬಂದಾಗ ಆ ಹೆಸರನ್ನೂ ತಪ್ಪಾಗಿ ಓದಿದರು. ಮೂರು ತಿಂಗಳು ಡೊಂಬಿವಲಿಯ ಲಿಫ್ಟ್ ಇಲ್ಲದ ಕಟ್ಟಡಗಳನ್ನು ಹತ್ತಿ ಇಳಿದವರು ಅವರು. ಶಾಲು ಮಡಚಿ ಚೀಲದಲ್ಲಿಟ್ಟುಕೊಂಡು, ಊಟಕ್ಕೂ ನಿಲ್ಲದೆ ಹೊರಟುಬಿಟ್ಟರು.

ಮುಂಬೈ ಕನ್ನಡಿಗರಿಗೆ ಹಣ ಎತ್ತುವುದು ಹೊಸದಲ್ಲ. ಮಾಟುಂಗದ ಮೈಸೂರು ಅಸೋಸಿಯೇಷನ್ ಹುಟ್ಟಿದ್ದು 1926ರಲ್ಲಿ. ಮಾಹಿಮ್‌ನ ಕರ್ನಾಟಕ ಸಂಘ ಹುಟ್ಟಿದ್ದು 1933ರಲ್ಲಿ. ಹಗಲು ಹೋಟೆಲಿನಲ್ಲಿ ದುಡಿದ ಹುಡುಗರು ರಾತ್ರಿ ಕನ್ನಡ ಶಾಲೆಯಲ್ಲಿ ಓದಿದ ಊರು ಇದು. ವಂತಿಗೆ, ದೇಣಿಗೆ, ಇಲ್ಲಿನ ಮರಾಠಿಯಲ್ಲಿ ವರ್ಗಣಿ, ಯಾವ ಹೆಸರಿನಿಂದ ಕರೆದರೂ ಅದರ ಹಿಂದೆ ಯಾರೋ ಒಬ್ಬರು ಬಾಗಿಲು ತಟ್ಟಿರುತ್ತಾರೆ. ಅವರಿಗೆ ಗೌರವ ಸಲ್ಲಿಸುವುದು ಹೀಗೆ.

1. ಖರ್ಚಿನ ಹಣ ಬೇರೆ ಇಡಿ

ಶಾಲು, ಹಾರ, ಊಟ, ಹಾಲ್ ಬಾಡಿಗೆ ಯಾವುದಕ್ಕೂ ಕೂಡಿಸಿದ ನಿಧಿಯಿಂದ ಒಂದು ರೂಪಾಯಿ ತೆಗೆಯಬೇಡಿ. ಮಗುವಿನ ಹೆಸರಲ್ಲಿ ಬಂದ ಹಣ ಮಗುವಿಗೇ ಹೋಗಬೇಕು. ಸಮಿತಿಯವರು ತಲಾ ಇಷ್ಟು ಎಂದು ಹಾಕಿಕೊಳ್ಳಿ. ಹಣ ಸಾಲದಿದ್ದರೆ ಊಟ ಬಿಟ್ಟು ಚಹಾ, ಉಪ್ಪಿಟ್ಟು, ಕೇಸರಿಬಾತ್ ಇಟ್ಟುಕೊಳ್ಳಿ.

2. ದಿನ ಮತ್ತು ಹೊತ್ತು

ನವೆಂಬರ್ ಬೇಡ. ರಾಜ್ಯೋತ್ಸವದ ಕಾರ್ಯಕ್ರಮಗಳ ನಡುವೆ ನಿಮ್ಮ ಸ್ವಯಂಸೇವಕರು ಕಳೆದುಹೋಗುತ್ತಾರೆ. ವಿಶ್ವಸಂಸ್ಥೆ 1985ರಲ್ಲಿ ಡಿಸೆಂಬರ್ 5 ಅನ್ನು ಅಂತರರಾಷ್ಟ್ರೀಯ ಸ್ವಯಂಸೇವಕರ ದಿನ ಎಂದು ಘೋಷಿಸಿತು. ಹೊಂದುವ ದಿನವೇ, ಆದರೆ ದಾದರ್, ಮಾಹಿಮ್ ಕಡೆ ಆ ದಿನ ಇಡಬೇಡಿ. ಮರುದಿನ ಮಹಾಪರಿನಿರ್ವಾಣ ದಿನ, ಅಂಬೇಡ್ಕರ್ ತೀರಿಕೊಂಡ ದಿನ. ಅವರ ಅಂತ್ಯಕ್ರಿಯೆ ನಡೆದ ಚೈತ್ಯಭೂಮಿಗೆ ಲಕ್ಷಾಂತರ ಜನ ಬರುತ್ತಾರೆ, ದಾದರ್ ಸ್ಟೇಷನ್ ಒಂದೆರಡು ದಿನ ಮೊದಲೇ ತುಂಬಿರುತ್ತದೆ. ನನ್ನ ಆಯ್ಕೆ ಡಿಸೆಂಬರಿನ ಎರಡನೇ ಭಾನುವಾರ.

ಭಾನುವಾರ ಎಂದರೆ ಮೆಗಾ ಬ್ಲಾಕ್ ನೆನಪಿರಲಿ, ಹಳಿ ದುರಸ್ತಿಗೆಂದು ಲೋಕಲ್ ರೈಲುಗಳನ್ನು ತಡೆಯುವ ಹೊತ್ತು. ಬೆಳಿಗ್ಗೆ ಹನ್ನೊಂದರ ಆಸುಪಾಸು ಶುರುವಾದರೆ ಮಧ್ಯಾಹ್ನ ಮೂರೂವರೆ, ನಾಲ್ಕರವರೆಗೆ ಗಾಡಿಗಳು ಅಸ್ತವ್ಯಸ್ತ. ಸಂಜೆ ಐದೂವರೆಗೆ ಇಟ್ಟುಕೊಂಡರೆ ಕಲ್ಯಾಣ, ಪನ್ವೇಲ್ ಕಡೆಯವರೂ ನೆಮ್ಮದಿಯಿಂದ ಬರಬಹುದು.

3. ಯಾರಿಗೆ ಸನ್ಮಾನ? ರಸೀದಿ ಪುಸ್ತಕ ಕೇಳಿ

ಸಮಿತಿಯವರು ಬಾಯಿಗೆ ಬಂದ ಹೆಸರು ಹೇಳುತ್ತಾರೆ, ಯಾರೋ ಬರೆದುಕೊಳ್ಳುತ್ತಾರೆ, ಪಟ್ಟಿ ಮುಗಿಯಿತು. ಹಾಗೆ ಮಾಡಿದ ಪಟ್ಟಿಯಲ್ಲಿ ಐವತ್ತು ಸಾವಿರ ಕೊಟ್ಟ ಹೋಟೆಲ್ ಮಾಲೀಕರು ಇರುತ್ತಾರೆ. ಅವರಲ್ಲಿಗೆ ನಾಲ್ಕು ಸಲ ಹೋಗಿ ಕಾದು ಕೂತು ಆ ಹಣ ತಂದ ಹುಡುಗ ಇರುವುದಿಲ್ಲ. ದಾನಿಗಳಿಗೆ ಧನ್ಯವಾದ ಹೇಳಲೇಬೇಕು, ಅದನ್ನು ಬೇರೆಯಾಗಿ ಹೇಳಿ. ಎರಡನ್ನೂ ಒಂದೇ ಸಾಲಿಗೆ ತಂದರೆ ದೊಡ್ಡ ಮೊತ್ತದ ಮುಂದೆ ಓಡಾಟ ಸಣ್ಣದಾಗಿ ಕಾಣುತ್ತದೆ.

ಎಲ್ಲ ರಸೀದಿ ಪುಸ್ತಕಗಳನ್ನೂ ತರಿಸಿ ಮೇಜಿನ ಮೇಲೆ ಇಡಿ. ಪುಸ್ತಕದಲ್ಲಿ ಉಳಿದ ಅರ್ಧ ಚೀಟಿಗಳನ್ನು ಒಂದೊಂದಾಗಿ ತಿರುವಿ. ಕೆಲಸ ಯಾರದು ಎಂಬುದು ಅಕ್ಷರದಲ್ಲೇ ಗೊತ್ತಾಗುತ್ತದೆ. ಆ ಡೊಂಬಿವಲಿಯ ಅಕ್ಕನ ಪುಸ್ತಕ ನಾನು ನೋಡಿದ್ದೇನೆ. ಮಳೆಗೆ ನೆನೆಯಬಾರದೆಂದು ಹಾಲಿನ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದರು. 21, 51, 101 ರೂಪಾಯಿಗಳೇ ಜಾಸ್ತಿ. ಕೆಲವು ಚೀಟಿಗಳ ಹಿಂದೆ ಪೆನ್ಸಿಲಿನಲ್ಲಿ ‘ಸೋಮವಾರ ಮತ್ತೆ ಬರಲು ಹೇಳಿದ್ದಾರೆ’, ‘ಮಗನ ಸಂಬಳ ಆದ ಮೇಲೆ’ ಎಂದು ಬರೆದಿತ್ತು. ಮೊದಲನೇ ಚೀಟಿ ಅವರದೇ ಹೆಸರಿನಲ್ಲಿ, 101 ರೂಪಾಯಿ.

ಯಾರು ಎಷ್ಟು ತಂದರು ಎಂದು ಮೊತ್ತದ ಮೇಲೆ ಒಂದು, ಎರಡು, ಮೂರು ಸ್ಥಾನ ಕೊಡಲೇಬೇಡಿ. ಒಬ್ಬರು ಮೂರು ಫೋನ್ ಮಾಡಿ ಲಕ್ಷ ತರಬಹುದು, ಇನ್ನೊಬ್ಬರು ಮುನ್ನೂರು ಬಾಗಿಲು ತಟ್ಟಿ ಇಪ್ಪತ್ತು ಸಾವಿರ ತರಬಹುದು. ಇಬ್ಬರದೂ ಬೇಕಾದ ಕೆಲಸವೇ.

ರಸೀದಿ ಪುಸ್ತಕದಲ್ಲಿ ಕಾಣದ ಜನರೂ ಇದ್ದಾರೆ. ರಾತ್ರಿ ಕೂತು ಲೆಕ್ಕ ಬರೆದವರು, ಬ್ಯಾಂಕಿಗೆ ಚಿಲ್ಲರೆ ಕಟ್ಟಿದವರು, ಆಸ್ಪತ್ರೆಯ ಬಿಲ್ ತಾಳೆ ನೋಡಿದವರು. ಅವರ ಹೆಸರು ಪ್ರತಿ ಸಲವೂ ಬಿಟ್ಟುಹೋಗುತ್ತದೆ. ಖಜಾಂಚಿಯನ್ನು ಕೇಳಿ, ಹೇಳುತ್ತಾರೆ.

ಒಂದು ಸಂಜೆಗೆ ಐದು ಜನ ಸಾಕು, ಆರು ಬೇಡ. ಜಾಸ್ತಿ ಜನ ಇದ್ದರೆ ಎರಡು ಕಾರ್ಯಕ್ರಮ ಮಾಡಿ, ಇಲ್ಲವೇ ಉಳಿದವರ ಮನೆಗೇ ಹೋಗಿ ಗೌರವಿಸಿ.

4. ಸನ್ಮಾನ ಪತ್ರ

ಎಲ್ಲರೂ ಎಡವುವುದು ಇಲ್ಲೇ. ಶಾಲು ಹಳೆಯದಾಗುತ್ತದೆ, ಹಾರ ಮರುದಿನವೇ ಬಾಡುತ್ತದೆ. ಪತ್ರ ಮಾತ್ರ ಗೋಡೆಯ ಮೇಲೆ ಉಳಿಯುತ್ತದೆ, ಮೊಮ್ಮಕ್ಕಳು ಓದುತ್ತಾರೆ. ಅದಕ್ಕೆ ಕನಿಷ್ಠ ಮೂರು ವಾರ ಕೊಡಿ.

ನೀವು ನೋಡಿರುವ ಪತ್ರ ಹೀಗಿರುತ್ತದೆ, ಅಲ್ವಾ? ‘ಸರಳ ಸಜ್ಜನಿಕೆಯ ಸಾಕಾರಮೂರ್ತಿಯೂ, ಸಮಾಜ ಸೇವಾ ಧುರೀಣರೂ, ನಿಸ್ವಾರ್ಥ ಸೇವೆಗೆ ಹೆಸರಾದವರೂ ಆದ ತಮ್ಮನ್ನು...’ ಇದನ್ನು ಯಾರ ಹೆಸರಿಗೆ ಬೇಕಾದರೂ ಹಾಕಬಹುದು. ಹಾಗಾಗಿ ಇದು ಯಾರದೂ ಅಲ್ಲ.

ಉಡುಪಿಯ ರವಿ ಕಟಪಾಡಿಯವರನ್ನು ನೆನೆಯಿರಿ. ‘ಸಮಾಜಸೇವಕರು’ ಎಂದರೆ ಏನೂ ಕಾಣಿಸುವುದಿಲ್ಲ. ‘ಕೂಲಿ ಕೆಲಸ ಮಾಡುವವರು, ಅಷ್ಟಮಿಗೆ ವೇಷ ಹಾಕಿ ಬೀದಿಗಿಳಿದು ಕಾಯಿಲೆಯ ಮಕ್ಕಳಿಗಾಗಿ ಹಣ ಕೂಡಿಸಿದರು’ ಎನ್ನಿ, ಕಣ್ಣಿಗೆ ಕಟ್ಟುತ್ತದೆ. ಹರೇಕಳ ಹಾಜಬ್ಬರಿಗೆ 2020ರ ಪದ್ಮಶ್ರೀ ಬಂತು. ಜನರ ಮನಸ್ಸಿನಲ್ಲಿ ಉಳಿದಿರುವುದು ಬುಟ್ಟಿಯಲ್ಲಿ ಕಿತ್ತಳೆ ಮಾರಿ ಊರಿಗೆ ಶಾಲೆ ತಂದವರು ಎಂಬ ಒಂದೇ ಮಾತು. ನಿಮ್ಮ ಪತ್ರಕ್ಕೂ ಅಂಥ ಒಂದು ಮಾತು ಬೇಕು. ಅದು ಸಿಗಬೇಕಾದರೆ ಅವರ ಮನೆಗೆ ಹೋಗಬೇಕು.

ಹೋಗಿ ‘ಎಷ್ಟು ವರ್ಷದಿಂದ ಸೇವೆ ಮಾಡುತ್ತಿದ್ದೀರಿ?’ ಎಂದು ಕೇಳಿದರೆ ‘ಅಯ್ಯೋ, ನಾನೇನು ಮಾಡಿದೆ!’ ಎಂದು ಚಹಾ ಮಾಡಲು ಎದ್ದು ಹೋಗುತ್ತಾರೆ. ಹೀಗೆ ಕೇಳಿ: ಮೊದಲ ರಸೀದಿ ಯಾರಿಗೆ ಹರಿದಿರಿ? ಯಾವ ಬಾಗಿಲಲ್ಲಿ ಬೈಸಿಕೊಂಡಿರಿ? ಸುಮ್ನೆ ವಾಪಸ್ ಹೋಗಿಬಿಡೋಣ ಅನ್ನಿಸಿದ್ದು ಯಾವತ್ತು? ಕೊಡಲಾರರು ಅಂದುಕೊಂಡವರು ಕೊಟ್ಟದ್ದು ಯಾವಾಗ? ಮಾತು ತಾನಾಗಿ ಬರುತ್ತದೆ. ಬರೆದುಕೊಳ್ಳಿ. ಮೊಬೈಲ್ ರೆಕಾರ್ಡಿಂಗ್ ಹಚ್ಚಿದರೆ ಹಿರಿಯರು ಗಟ್ಟಿಯಾಗಿ, ಭಾಷಣದ ಹಾಗೆ ಮಾತಾಡಲು ಶುರು ಮಾಡುತ್ತಾರೆ. ಅವರ ಜೊತೆ ಓಡಾಡಿದ ಇನ್ನೊಬ್ಬರನ್ನೂ ಮಾತಾಡಿಸಿ. ತಾವು ಮಾಡಿದ ದೊಡ್ಡ ಕೆಲಸವನ್ನು ಜನ ತಾವಾಗಿ ಹೇಳುವುದಿಲ್ಲ.

ಬರೆಯುವಾಗ ‘ನೀವು’ ಎಂದೇ ಕರೆಯಿರಿ. ಎಂಟು ವಾಕ್ಯ ಮೀರಬೇಡಿ. ಆ ಅಕ್ಕನಿಗೆ ನಾವು ಮೂವರು ಸೇರಿ ಆಮೇಲೆ ಬೇರೆ ಪತ್ರ ಬರೆದೆವು. ಅದರ ನಡುವಿನ ಸಾಲುಗಳು ಇವು:

‘ಜೂನ್ ಮಳೆಯಲ್ಲಿ ಹನ್ನೊಂದು ಕಟ್ಟಡಗಳ ಮೆಟ್ಟಿಲು ಹತ್ತಿದಿರಿ. ಮೊದಲ ರಸೀದಿಯನ್ನು ನಿಮ್ಮ ಹೆಸರಿಗೇ ಬರೆದುಕೊಂಡಿರಿ. ಒಂದು ಮನೆಯಲ್ಲಿ ಬಾಗಿಲು ಮುಚ್ಚಿದರು. ಮರುವಾರ ಅದೇ ಮನೆಗೆ ಹೋಗಿ, ಅಲ್ಲಿನ ಅಜ್ಜಿಯ ಮಾತ್ರೆ ತಂದುಕೊಟ್ಟು ಬಂದಿರಿ. ಅಜ್ಜಿ 51 ರೂಪಾಯಿ ಕೊಟ್ಟರು. ಆ ಚೀಟಿಯೂ ನಿಮ್ಮ ಪುಸ್ತಕದಲ್ಲಿದೆ.’

ಹೊಗಳುವ ವಿಶೇಷಣ ಒಂದೂ ಇಲ್ಲ. ಓದಿದಾಗ ಅವರ ಮಗ ಕಣ್ಣೊರೆಸಿಕೊಂಡ.

ಪತ್ರದಲ್ಲಿ ರೋಗಿಯ ಹೆಸರು, ಕಾಯಿಲೆ, ಫೋಟೊ ಬೇಡ. ಆ ಮಗುವನ್ನು ವೇದಿಕೆಗೆ ತಂದು ನಿಲ್ಲಿಸುವುದಂತೂ ಬೇಡವೇ ಬೇಡ. ನಾಳೆ ಅದು ಇದೇ ಜನರ ನಡುವೆ ಶಾಲೆಗೆ ಹೋಗಬೇಕು. ಮನೆಯವರು ಇಷ್ಟಪಟ್ಟರೆ ನಾಲ್ಕು ಸಾಲಿನ ಕಾಗದ ಬರೆದುಕೊಡಲಿ, ಹೆಸರು ಹೇಳದೆ ಓದಿ.

ಇನ್ನು ಪ್ರಿಂಟಿಂಗ್. ಇಲ್ಲಿನ ಅಂಗಡಿಗಳಲ್ಲಿ ಕನ್ನಡ ಓದಬಲ್ಲವರು ಕಡಿಮೆ. ನೀವು ವಾಟ್ಸಾಪಿನಲ್ಲಿ ಕಳಿಸಿದ್ದನ್ನು ಅವರು ಹಳೆಯ ಡಿಸೈನ್ ಸಾಫ್ಟ್‌ವೇರಿಗೆ ಅಂಟಿಸುತ್ತಾರೆ. ಒತ್ತಕ್ಷರಗಳೆಲ್ಲ ಕಳಚಿ ಬೀಳುತ್ತವೆ. ‘ಶೆಟ್ಟಿ’ ಹೋಗಿ ‘ಶೆಟ್‌ಟಿ’ ಆಗುತ್ತದೆ, ‘ಕೃಷ್ಣ’ನ ಷಕಾರದ ಕೆಳಗಿನ ಣಕಾರ ಪಕ್ಕಕ್ಕೆ ಬಂದು ಕೂರುತ್ತದೆ. ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿ ಕಳಿಸಿದರೆ, ಆ ಫಾಂಟ್ ಅವರಲ್ಲಿ ಇಲ್ಲದಿದ್ದರೆ, ಬರೀ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಅಂಗಡಿಯವರ ತಪ್ಪಲ್ಲ ಇದು. ನೀವೇ ಪೂರ್ತಿ ವಿನ್ಯಾಸ ಮಾಡಿ ಪಿಡಿಎಫ್ ಕೊಡಿ, ‘ಇದನ್ನು ಮುಟ್ಟಬೇಡಿ, ಹೀಗೇ ತೆಗೆಯಿರಿ’ ಎನ್ನಿ. ಮೊದಲು ಒಂದೇ ಪ್ರತಿ ತೆಗೆಸಿ, ಅಲ್ಲೇ ನಿಂತು, ಹೆಸರಿನ ಮೇಲೆ ಬೆರಳಿಟ್ಟು ಅಕ್ಷರ ಅಕ್ಷರ ಓದಿ. ಹೆಸರಿನ ಕಾಗುಣಿತವನ್ನು ಅವರಿಂದಲೇ ಬರೆಸಿಕೊಂಡಿರಬೇಕು. ಆಧಾರ್ ಕಾರ್ಡಿನ ಇಂಗ್ಲಿಷ್ ಹೆಸರು ನೋಡಿ ಊಹಿಸಬೇಡಿ.

ಅಗ್ಗವಾಗುತ್ತದೆ ಎಂದು ಲ್ಯಾಮಿನೇಷನ್ ಮಾಡಿಸುತ್ತಾರೆ. ಮುಂಬೈಯ ಎರಡು ಮಳೆಗಾಲಕ್ಕೆ ಅಂಚು ಬಿಟ್ಟು ಒಳಗೆ ತೇವ ಹೋಗುತ್ತದೆ. ಮರದ ಚೌಕಟ್ಟು, ಗಾಜು, ಹಿಂದೆ ಗಟ್ಟಿ ರಟ್ಟು ಹಾಕಿಸಿ. ಎ4 ಅಳತೆ ಸಾಕು. ಮನೆಯ ಗೋಡೆಯಲ್ಲಿ ಜಾಗ ಎಷ್ಟಿದೆ ಎಂಬುದೂ ನೆನಪಿರಲಿ.

5. ಶಾಲು, ಹಾರ, ಕಾಣಿಕೆ

ಮಿರಮಿರ ಮಿಂಚುವ ಪಾಲಿಯೆಸ್ಟರ್ ಶಾಲು ಬೇಡ. ಅದನ್ನು ಯಾರೂ ಹೊದೆಯುವುದಿಲ್ಲ, ಮುಂದಿನ ಸಮಾರಂಭಕ್ಕೆ ಕೈ ಬದಲಾಗುತ್ತದೆ ಅಷ್ಟೆ. ನನ್ನ ಮಾತು ಕೇಳಿ, ಸೊಲ್ಲಾಪುರದ ಚಾದರ ಹೊದಿಸಿ. ಹತ್ತಿಯದು, ತೊಳೆದಷ್ಟೂ ಮೆತ್ತಗಾಗುತ್ತದೆ, ದಿನಾ ಬಳಕೆಗೆ ಬರುತ್ತದೆ. ಕನ್ನಡ ಮಾತು ಕೇಳಿಬರುವ ಊರಿನಿಂದ ಬಂದದ್ದು ಎಂಬ ಖುಷಿಯೂ ಇದೆ.

ಹಾರಕ್ಕೆ ಮಾಟುಂಗದ ಹೂವಿನ ಅಂಗಡಿ, ಇಲ್ಲವೇ ದಾದರ್ ಹೂವಿನ ಮಾರುಕಟ್ಟೆ. ಹೆಂಗಸರಿಗೆ ಎರಡು ಮೊಳ ಮಲ್ಲಿಗೆ ಬೇರೆ ತನ್ನಿ.

ಫೈಬರ್ ಸ್ಮರಣಿಕೆಯ ಬದಲು ಕೆಲಸಕ್ಕೆ ಬರುವುದನ್ನು ಕೊಡಿ. ಗಟ್ಟಿ ಕೊಡೆ, ಹೆಗಲಿಗೆ ಹಾಕುವ ಒಳ್ಳೆಯ ಚೀಲ.

ಇಲ್ಲೇ ಇನ್ನೊಂದು ಮಾತು. ಕೆಲವೆಡೆ ಸನ್ಮಾನದ ಮೊದಲು ಅರಿಶಿನ ಕುಂಕುಮದ ತಟ್ಟೆ ಹಿಡಿಯುತ್ತಾರೆ. ಗಂಡ ತೀರಿಕೊಂಡ ಹೆಂಗಸು ಎಂದು ತಟ್ಟೆಯನ್ನು ಪಕ್ಕಕ್ಕೆ ಸರಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಗೌರವಿಸಲು ಕರೆದು, ನಾಲ್ಕು ಜನರ ಮುಂದೆ ಹಾಗೆ ಮಾಡುವುದು ದೊಡ್ಡ ಅನ್ಯಾಯ. ಎಲ್ಲರಿಗೂ ಹಿಡಿಯಿರಿ, ಇಲ್ಲದಿದ್ದರೆ ತಟ್ಟೆಯೇ ಬೇಡ.

6. ವೇದಿಕೆಯ ಕ್ರಮ

ಪ್ರಾರ್ಥನೆ, ಎರಡು ನಿಮಿಷದ ಸ್ವಾಗತ, ಲೆಕ್ಕ, ಸನ್ಮಾನ, ಆಮೇಲೆ ಅತಿಥಿಗಳ ಭಾಷಣ. ಈ ಕ್ರಮ ತಪ್ಪಿಸಬೇಡಿ. ಸನ್ಮಾನವನ್ನು ಕೊನೆಗೆ ಇಟ್ಟರೆ ಅರ್ಧ ಜನ ಊಟದ ಸಾಲಿನಲ್ಲಿರುತ್ತಾರೆ, ಇನ್ನರ್ಧ ಜನ ಗಾಡಿ ಹಿಡಿಯಲು ಹೊರಟಿರುತ್ತಾರೆ.

ಲೆಕ್ಕ ಓದುವುದು ಯಾಕೆ? ಬಂದದ್ದೆಷ್ಟು, ಕೊಟ್ಟದ್ದೆಷ್ಟು, ಉಳಿದದ್ದೆಷ್ಟು ಎಂದು ಎಲ್ಲರ ಮುಂದೆ ಹೇಳಿದರೆ, ಬಾಗಿಲು ಬಾಗಿಲಿಗೆ ಹೋದವರ ಮೇಲೆ ಯಾರೂ ಬೆರಳು ತೋರಿಸುವಂತಿಲ್ಲ. ಅವರಿಗೆ ಅದೂ ಒಂದು ಸನ್ಮಾನವೇ. ನೋಂದಣಿ ಆಗದ ಗುಂಪು ಮಹಾರಾಷ್ಟ್ರದಲ್ಲಿ ಹೀಗೆ ಹಣ ಎತ್ತುವುದಾದರೆ 1950ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯ 41ಸಿ ಕಲಮಿನಂತೆ ಚಾರಿಟಿ ಕಮಿಷನರ್ ಕಚೇರಿಯ ಕೆಲಸ ಮೊದಲೇ ಮುಗಿಸಿರಬೇಕು. ಗಣೇಶೋತ್ಸವ ಮಂಡಳಿಗಳವರನ್ನು ಕೇಳಿದರೆ ದಾರಿ ಹೇಳಿಕೊಡುತ್ತಾರೆ.

ಐವರನ್ನೂ ಒಟ್ಟಿಗೆ ಸಾಲಾಗಿ ನಿಲ್ಲಿಸಬೇಡಿ. ಒಬ್ಬೊಬ್ಬರನ್ನೇ ಕರೆದು, ಕುರ್ಚಿಯಲ್ಲಿ ಕೂರಿಸಿ, ಪತ್ರ ಪೂರ್ತಿ ಓದಿ, ಆಮೇಲೆ ಚಾದರ ಹೊದಿಸಿ. ಓದುವವರು ಹಿಂದಿನ ದಿನ ಎರಡು ಸಲ ಗಟ್ಟಿಯಾಗಿ ಓದಿ ನೋಡಿರಬೇಕು. ಹೊದಿಸುವ ಕೈ ಅಧ್ಯಕ್ಷರದ್ದೇ ಆಗಬೇಕೆಂದಿಲ್ಲ. ಅವರ ಜೊತೆ ಮೆಟ್ಟಿಲು ಹತ್ತಿದ ಗೆಳತಿಯನ್ನೇ ಕರೆಯಿರಿ. ಮನೆಯವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ. ಸನ್ಮಾನಿತರು ಹೊರಗೆ ಓಡಾಡುವಾಗ ಮನೆಯ ಅಡುಗೆ ನೋಡಿಕೊಂಡವರು ಈ ಮನೆಯವರೇ.

ಮಾತಾಡಲು ಒತ್ತಾಯ ಬೇಡ. ಮೈಕ್ ಹಿಡಿದರೆ ಗಂಟಲು ಕಟ್ಟುವವರಿದ್ದಾರೆ. ಮೊದಲೇ ಕೇಳಿಟ್ಟುಕೊಳ್ಳಿ.

7. ಸಮಾರಂಭ ಆದ ಮೇಲೆ

ವಾರದೊಳಗೆ ಫೋಟೊ ಪ್ರಿಂಟ್ ಹಾಕಿಸಿ ಮನೆಗೆ ಕೊಂಡುಹೋಗಿ. ವಾಟ್ಸಾಪಿನಲ್ಲಿ ಕಳಿಸಿದ್ದು ನಾಲ್ಕು ದಿನಕ್ಕೆ ಮೇಲೆ ಹೋಗಿಬಿಡುತ್ತದೆ. ಹೋದಾಗ ರಿಕ್ಷಾಕ್ಕೆ, ಫೋನಿಗೆ, ಜೆರಾಕ್ಸಿಗೆ ಅವರು ಕೈಯಿಂದ ಹಾಕಿದ ಹಣ ಎಷ್ಟೆಂದು ಕೇಳಿ. ‘ಇರಲಿ ಬಿಡಿ’ ಎನ್ನುತ್ತಾರೆ. ಬಿಡಬೇಡಿ. ಕೂಲಿ ಕೆಲಸದವರಿಗೆ, ಪಿಂಚಣಿಯಲ್ಲಿ ಬದುಕುವವರಿಗೆ ಅದು ಸಣ್ಣ ಮೊತ್ತವಲ್ಲ. ಸಮಿತಿಯವರು ಹಾಕಿಕೊಂಡ ಹಣದಿಂದಲೇ ಅದನ್ನು ತೆಗೆದಿಡಿ. ಲಕೋಟೆಯಲ್ಲಿ ಹಾಕಿ, ಜೊತೆಗೆ ಸಣ್ಣ ಚೀಟಿಯಲ್ಲಿ ಲೆಕ್ಕ ಬರೆದು, ಮನೆಯಲ್ಲೇ ಅವರ ಕೈಗೆ ಕೊಡಿ.