ಅವ್ವನ ಇಸಿಎಚ್‌ಎಸ್ ಕಾರ್ಡ್: ಹೆಸರಿನ ತಕರಾರು ಬಗೆಹರಿದದ್ದು ಹೀಗೆ

ಅಪ್ಪ ಮಾಜಿ ಸೈನಿಕರು, ಊರು ಹಾವೇರಿ ಕಡೆ. ಅವರ ಇಸಿಎಚ್‌ಎಸ್ (ಮಾಜಿ ಸೈನಿಕರು ಮತ್ತು ಅವರ ಕುಟುಂಬದ ಆರೋಗ್ಯ ಯೋಜನೆ) ಕಾರ್ಡ್ ಬಂತು, ಅವ್ವನ ಅರ್ಜಿ ಮಾತ್ರ ಪದೇ ಪದೇ ವಾಪಸ್. ಅಪ್ಪನ ಸೇನೆಯ ಡಿಸ್ಚಾರ್ಜ್ ಬುಕ್ಕಿನಲ್ಲಿ ಅವ್ವನ ಹೆಸರು ‘ನೀಲಮ್ಮ’, ಆಧಾರ್‌ನಲ್ಲಿ ‘ನೀಲವ್ವ’. ಕಾರ್ಡ್ ಬರುವವರೆಗೆ ಬಿಪಿ ಮಾತ್ರೆಗೂ ಕೈಯಿಂದಲೇ ದುಡ್ಡು.

ನೋಟರಿ ಅಫಿಡವಿಟ್ ಒಂದನ್ನೇ ಹಾಕಿದ್ದು ನಡೆಯಲಿಲ್ಲ. ಸ್ಕ್ಯಾನ್ ಬದಲಿಸಿ ಮತ್ತೆ ಹಾಕಿದ್ದೂ ದಂಡ. ಆಧಾರ್ ತಿದ್ದಿಸಿ ಅಂದರು ಕೆಲವರು. ಸುಮ್ನೆ ಬ್ಯಾಂಕು, ರೇಷನ್ ಕಾರ್ಡು ಎಲ್ಲ ಕೆದಕಿದಂತಾಗುತ್ತೆ, ಅಲ್ವಾ?

ತಿದ್ದಬೇಕಾದ್ದು ಸೇನೆಯ ದಾಖಲೆ. ಅದಿರೋದು ಅಪ್ಪನ ರೆಜಿಮೆಂಟಿನ ರೆಕಾರ್ಡ್ ಆಫೀಸಿನಲ್ಲಿ, ಇಸಿಎಚ್‌ಎಸ್‌ನ ಚಿಕಿತ್ಸಾ ಕೇಂದ್ರವಾದ ಪಾಲಿಕ್ಲಿನಿಕ್‌ನಲ್ಲಲ್ಲ. ಮೊದಲು ಇಬ್ಬರೂ ಸಹಿ ಹಾಕಿದ ಜಂಟಿ ಅಫಿಡವಿಟ್ ಮಾಡಿಸಿದೆ. ಅದರಲ್ಲಿ ಎರಡೂ ಹೆಸರು ಇಂಗ್ಲಿಷ್ ಸ್ಪೆಲ್ಲಿಂಗ್ ಸಮೇತ, ಎರಡೂ ಒಬ್ಬರದೇ ಎಂಬ ಸಾಲು. ಜೊತೆಗೆ ಡಿಸ್ಚಾರ್ಜ್ ಬುಕ್, ಪಿಪಿಒ (ಪಿಂಚಣಿ ಆದೇಶ ಪತ್ರ), ಆಧಾರ್ ಪ್ರತಿ, ಜಂಟಿ ಫೋಟೊ. ಧಾರವಾಡದ ಸೈನಿಕ ಕಲ್ಯಾಣ ಕಚೇರಿಯಲ್ಲಿ ದೃಢೀಕರಣ ಮಾಡಿಸಿ ರೆಕಾರ್ಡ್ ಆಫೀಸಿಗೆ ಸ್ಪೀಡ್ ಪೋಸ್ಟ್ ಮಾಡಿದೆ. ಪ್ರತಿ ಹಾಳೆಯ ಮೂಲೆಯಲ್ಲೂ ಅಪ್ಪನ ಆರ್ಮಿ ನಂಬರ್ ಬರೆದಿದ್ದೆ. ಫೈಲಿನಿಂದ ಹಾಳೆ ಬಿಡಿಯಾದರೂ ಪತ್ತೆಯಾಗಬೇಕಲ್ಲ.

ಪಾರ್ಟ್‌-2 ಆರ್ಡರ್ (ಹೆಸರಿನ ಬದಲಾವಣೆಯನ್ನು ಸೇನೆಯ ದಾಖಲೆಗೆ ಸೇರಿಸುವ ಆದೇಶ) ಕೈಗೆ ಬಂದ ಮೇಲೆಯೇ ಹೊಸ ಅರ್ಜಿ ಹಾಕಿದೆ. ಹೆಸರು ಆರ್ಡರ್‌ನಲ್ಲಿದ್ದಂತೆ, ಒಂದಕ್ಷರ ಆಚೀಚೆ ಇಲ್ಲದೆ. ಅರ್ಜಿ ಪಾಸಾಯಿತು.

ಇನ್ನೊಂದು: ಇಸಿಎಚ್‌ಎಸ್ ಪಟ್ಟಿಯಲ್ಲಿಲ್ಲದ ಆಸ್ಪತ್ರೆಗೆ ತುರ್ತಾಗಿ ಸೇರಿಸಿದರೆ 48 ಗಂಟೆಯೊಳಗೆ ಪಾಲಿಕ್ಲಿನಿಕ್‌ಗೆ ತಿಳಿಸಿ. ಬಿಲ್ ಕ್ಲೇಮ್ ಮಾಡುವಾಗ ಅದನ್ನೇ ಮೊದಲು ಕೇಳುತ್ತಾರೆ.