ಈಜುಕೊಳದ ಗ್ಯಾಸ್ ಹೀಟರ್ ಹೊತ್ತಿಕೊಳ್ಳುತ್ತಿಲ್ವಾ? ಮೊದಲು ಫಿಲ್ಟರ್ ನೋಡಿ

ಹೀಟರ್ ಆನ್ ಮಾಡಿದ್ದೀರಿ, ಡಿಸ್‌ಪ್ಲೇ ಮೇಲೆ ಏನೋ ಕೋಡ್ ಬಂತು, ನೀರು ಮಾತ್ರ ತಣ್ಣಗೇ ಇದೆ. ಕೂಡಲೇ ಗ್ಯಾಸ್ ಕಡೆ ಕೈ ಹಾಕಬೇಡಿ. ಎಷ್ಟೋ ಸಲ ತೊಂದರೆ ಇರುವುದು ನೀರಿನ ಹರಿವಿನಲ್ಲಿ, ಬೆಂಕಿಯಲ್ಲಲ್ಲ.

ಗ್ಯಾಸ್ ವಾಸನೆ ಬರುತ್ತಿದ್ದರೆ ಮಾತ್ರ ರಿಪೇರಿಯ ಮಾತೇ ಬೇಡ. ಯಾವ ಸ್ವಿಚ್ಚನ್ನೂ ಮುಟ್ಟದೆ, ಕೈಗೆ ಸುಲಭವಾಗಿ ಸಿಕ್ಕರೆ ವಾಲ್ವ್ ಮುಚ್ಚಿ, ದೂರ ಹೋಗಿ ಅಲ್ಲಿಂದ ಗ್ಯಾಸ್‌ನವರಿಗೆ ಫೋನ್ ಮಾಡಿ. ಎಲ್‌ಪಿಜಿ ಗಾಳಿಗಿಂತ ಭಾರ. ನೆಲದ ಹತ್ತಿರವೇ ಸೇರಿಕೊಳ್ಳುತ್ತದೆ.

ವಾಸನೆ ಇಲ್ಲ ಅಂದರೆ ಪಂಪ್‌ನಿಂದ ಶುರು ಮಾಡಿ. ಹೀಟರ್ ಒಳಗೊಂದು ಪ್ರೆಷರ್ ಸ್ವಿಚ್ ಇರುತ್ತದೆ. ನೀರಿನ ಒತ್ತಡ ಸಾಲದಿದ್ದರೆ ಅದು ಬರ್ನರ್ ಹೊತ್ತಲು ಬಿಡುವುದೇ ಇಲ್ಲ, ಯಾಕಂದರೆ ನೀರು ಹರಿಯದೆ ಬೆಂಕಿ ಉರಿದರೆ ಒಳಗಿನ ತಾಮ್ರದ ಕೊಳವೆಗಳು ಹಾಳಾಗುತ್ತವೆ. ಪಂಪ್ ನಿಲ್ಲಿಸಿ ಬುಟ್ಟಿಯಲ್ಲಿ ಸಿಕ್ಕಿಕೊಂಡ ಎಲೆ, ಕಸ ತೆಗೆಯಿರಿ. ಕೊಳದ ನೀರಿನ ಮಟ್ಟ ನೋಡಿ. ಆಮೇಲೆ ಫಿಲ್ಟರ್ ಮೇಲಿನ ಗೇಜ್. ಶುಚಿಯಾಗಿದ್ದಾಗ ತೋರಿಸುತ್ತಿದ್ದುದಕ್ಕಿಂತ 8ರಿಂದ 10 ಪಿಎಸ್‌ಐ (ಒತ್ತಡದ ಅಳತೆ) ಜಾಸ್ತಿ ಇದ್ದರೆ ಫಿಲ್ಟರ್ ಕಟ್ಟಿಕೊಂಡಿದೆ ಅಂತಲೇ ಅರ್ಥ: ಮರಳಿನದಾದರೆ ಬ್ಯಾಕ್‌ವಾಶ್ ಮಾಡಿ (ನೀರನ್ನು ಹಿಮ್ಮುಖವಾಗಿ ಹರಿಸಿ ಕೊಳೆ ಹೊರಹಾಕಿ), ಕಾರ್ಟ್ರಿಜ್ ಆದರೆ ಬಿಚ್ಚಿ ತೊಳೆಯಿರಿ. ಅನುಮಾನ ಇದ್ದರೆ ಇನ್ನೊಂದು ಪರೀಕ್ಷೆ ಇದೆ. ಪಂಪ್ ಆಫ್ ಮಾಡಿ, ಮರಳಿನ ಫಿಲ್ಟರ್‌ನ ಹಿಡಿಯನ್ನು ರೀಸರ್ಕ್ಯುಲೇಟ್‌ಗೆ ತಿರುಗಿಸಿ, ಮತ್ತೆ ಪಂಪ್ ಹಾಕಿ. ಈಗ ನೀರು ಮರಳಿನ ಮೂಲಕ ಹೋಗುವುದಿಲ್ಲ. ಹೀಟರ್ ಹೊತ್ತಿಕೊಂಡಿತಾ? ಹಾಗಾದರೆ ತಪ್ಪು ಫಿಲ್ಟರ್‌ನದು.

ಪ್ರೆಷರ್ ಸ್ವಿಚ್‌ನ ಎರಡು ವೈರ್‌ಗಳನ್ನು ಸೇರಿಸಿಬಿಟ್ಟರೆ ಆಯ್ತು ಅಂತ ಸಲಹೆ ಕೊಡುವವರು ಸಿಗುತ್ತಾರೆ. ದಯವಿಟ್ಟು ಹಾಗೆ ಮಾಡಿ ಓಡಿಸಬೇಡಿ. ಹೀಟರನ್ನೂ ಮನೆಯವರನ್ನೂ ಕಾಯುವುದು ಅದೇ ಸ್ವಿಚ್.

ಹರಿವು ಸರಿ ಇದ್ದೂ ಹೊತ್ತದಿದ್ದರೆ ಗ್ಯಾಸ್ ವಾಲ್ವ್ ಪೂರ್ತಿ ತೆರೆದಿದೆಯಾ, ಸಿಲಿಂಡರ್ ಅಥವಾ ಟ್ಯಾಂಕ್‌ನಲ್ಲಿ ಗ್ಯಾಸ್ ಇದೆಯಾ ನೋಡಿ. ಹಲವು ಸಲ ಯತ್ನಿಸಿ ಸೋತ ಮೇಲೆ ಹೀಟರ್ ತಾನೇ ಲಾಕ್ ಆಗುತ್ತದೆ. ಆಫ್ ಮಾಡಿ, ಕನಿಷ್ಠ 5 ನಿಮಿಷ ಬಿಟ್ಟು ಮತ್ತೆ ಹಾಕಿ, ಒಳಗೆ ಉಳಿದ ಗ್ಯಾಸ್ ಹೊರಹೋಗಲಿ. ತುಂಬಾ ದಿನ ನಿಂತಿದ್ದ ಹೀಟರ್ ಆದರೆ ಪೈಲಟ್ ಕೊಳವೆಯಲ್ಲಿ (ಬರ್ನರ್ ಹೊತ್ತಿಸುವ ಪುಟ್ಟ ಜ್ವಾಲೆಗೆ ಗ್ಯಾಸ್ ಒಯ್ಯುವುದು) ಜೇಡ ಬಲೆ ಕಟ್ಟಿರಬಹುದು, ಇಲಿ ವೈರ್ ಕಡಿದಿರಬಹುದು. ಗ್ಯಾಸ್ ಮತ್ತು ಕರೆಂಟ್ ಎರಡನ್ನೂ ಬಂದ್ ಮಾಡಿದ ಮೇಲೆಯೇ ಮುಚ್ಚಳ ತೆಗೆದು ಟಾರ್ಚ್ ಹಿಡಿದು ನೋಡಿ.

ಹೊತ್ತಿಕೊಂಡು ಕೆಲವೇ ಸೆಕೆಂಡಿನಲ್ಲಿ ಆರಿಹೋಗುತ್ತಿದ್ದರೆ ಫ್ಲೇಮ್ ಸೆನ್ಸರ್ ಮೇಲೆ ಅನುಮಾನ ಪಡಿ. ಅದು ಸಣ್ಣ ಲೋಹದ ಕಡ್ಡಿ. ಮೇಲೆ ಬೂದು ಪದರ ಕೂತರೆ ಬೆಂಕಿ ಇದ್ದರೂ ಅದಕ್ಕೆ ಗೊತ್ತಾಗುವುದಿಲ್ಲ. ನುಣುಪಾದ ಸ್ಟೀಲ್ ವೂಲ್‌ನಿಂದ ಮೆಲ್ಲಗೆ ಉಜ್ಜಿದರೆ ಸಾಕು. ಪಕ್ಕದಲ್ಲಿ ಕಾದು ಕೆಂಪಾಗುವ ಇಗ್ನೈಟರ್ ಇದ್ದರೆ ಅದನ್ನು ಬೆರಳಿಂದ ಮುಟ್ಟಬೇಡಿ, ಸುಲಭವಾಗಿ ಮುರಿಯುತ್ತದೆ.

ಥರ್ಮಲ್ ಫ್ಯೂಸ್, ಅಂದರೆ ಬಿಸಿ ಮಿತಿಮೀರಿದಾಗ ಕರಗಿ ಹೀಟರ್ ನಿಲ್ಲಿಸುವ ಭಾಗ, ಕರಗಿದ್ದರೆ ಸುಮ್ನೆ ಹೊಸದು ಹಾಕಿ ಮರೆಯುವಂತಿಲ್ಲ. ಬೆಂಕಿ ಬರಬಾರದ ಕಡೆ ಬಂದಿರಬಹುದು. ಕಪ್ಪು ಮಸಿ ಕಂಡರೂ ಅಷ್ಟೇ, ಗ್ಯಾಸ್ ಸರಿಯಾಗಿ ಉರಿಯುತ್ತಿಲ್ಲ, ಕಾರ್ಬನ್ ಮಾನಾಕ್ಸೈಡ್ ಬರುತ್ತಿರಬಹುದು. ಇವೆರಡಕ್ಕೂ ಹೀಟರ್ ಬಂದ್ ಮಾಡಿ ಪರಿಣತರನ್ನೇ ಕರೆಸಿ. ಗ್ಯಾಸ್ ವಾಲ್ವ್ ಬಿಚ್ಚುವ ಕೆಲಸವೂ ಅವರದೇ.

ಕೆಳಗೆ ನೀರು ತೊಟ್ಟಿಕ್ಕುತ್ತಿದ್ದರೆ ಗಾಬರಿ ಬೇಡ. ಕೊಳದ ನೀರು ತುಂಬಾ ತಣ್ಣಗಿದ್ದಾಗ ಹೀಟರ್ ಒಳಗೆ ಆವಿ ಹನಿಗಟ್ಟುವುದುಂಟು, ನೀರು ಬೆಚ್ಚಗಾದಂತೆ ನಿಲ್ಲುತ್ತದೆ. ಬರ್ನರ್ ಆಫ್ ಮಾಡಿ ಪಂಪ್ ಮಾತ್ರ ಓಡಿಸಿ ನೋಡಿ. ಆಗಲೂ ನಿಲ್ಲದೆ ಸುರಿಯುತ್ತಿದ್ದರೆ ಒಳಗೆ ಎಲ್ಲೋ ಸೋರಿಕೆ ಇದೆ. ಪಿಎಚ್ ಕಡಿಮೆಯಾದ ನೀರು ತಾಮ್ರವನ್ನು ತಿಂದುಹಾಕುತ್ತದೆ, ಅದಕ್ಕೇ 7.2ರಿಂದ 7.8ರ ನಡುವೆ ಇಟ್ಟುಕೊಳ್ಳಿ.

ಎಲ್ಲವೂ ಸರಿ ಇದ್ದು ನೀರು ನಿಧಾನಕ್ಕೆ ಕಾಯುತ್ತಿದ್ದರೆ ಲೆಕ್ಕ ಹಾಕಿ ನೋಡಿ. 50,000 ಲೀಟರ್ ನೀರನ್ನು 1 ಡಿಗ್ರಿ ಸೆಲ್ಸಿಯಸ್ ಏರಿಸಲು ಸುಮಾರು 58 ಯೂನಿಟ್ ಶಾಖ ಬೇಕು. ನೀರಿಗೆ 100 ಕಿಲೋವಾಟ್ ಶಾಖ ಕೊಡುವ ಹೀಟರ್‌ಗೂ ಅದಕ್ಕೆ 35 ನಿಮಿಷ ಹಿಡಿಯುತ್ತದೆ. ಮೇಲಿಂದ ಆವಿಯಾಗಿ ಹೋಗುವ ಶಾಖವೇ ಜಾಸ್ತಿ, ಹಾಗಾಗಿ ಈಜದ ಹೊತ್ತಿನಲ್ಲಿ ಕೊಳದ ಮೇಲೆ ಹೊದಿಕೆ ಎಳೆದಿಡಿ.