ವಿಡಿಯೊ ಮಸುಕಾದರೆ ಲೆನ್ಸ್ ಬದಲಿಸುವ ಮುನ್ನ

ಮಂಡ್ಯದಲ್ಲಿ ಮದುವೆ ವಿಡಿಯೊ ಮಾಡುವುದು ನನ್ನ ಕಸುಬು. ಧನುರ್ಮಾಸದಲ್ಲಿ ಮುಹೂರ್ತಗಳಿರುವುದಿಲ್ಲ; ಆಗ ಕ್ಯಾಮೆರಾ ಹೊತ್ತು ಆಲೆಮನೆಗಳನ್ನು ಸುತ್ತುತ್ತೇನೆ. ಹೊಸದಾಗಿ ಮಿರರ್‌ಲೆಸ್ ಕ್ಯಾಮೆರಾ ಕೊಂಡ ಹುಡುಗರು ತರುವ ದೂರು ಸಾಮಾನ್ಯವಾಗಿ ಒಂದೇ: "ಅಣ್ಣಾ, ಫೋಟೊ ಚೆನ್ನಾಗಿ ಬರುತ್ತದೆ, ವಿಡಿಯೊ ಮಾತ್ರ ಮಸುಕು. ಯಾವ ಲೆನ್ಸ್ ತೆಗೆದುಕೊಳ್ಳಲಿ?" ಸದ್ಯಕ್ಕೆ ಯಾವುದೂ ಬೇಡ. ಕ್ಯಾಮೆರಾ ಜೊತೆ ಬಂದ 18–55 ಎಂಎಂ ಕಿಟ್ ಲೆನ್ಸಿನಲ್ಲಿ ಇನ್ನೂ ಎಷ್ಟೋ ಉಳಿದಿದೆ.

ಮೊದಲು ಮೆನುವಿನಲ್ಲಿ ಪಿಕ್ಚರ್ ಸ್ಟೈಲ್ ತೆರೆದು ಶಾರ್ಪ್‌ನೆಸ್ ಅನ್ನು ಕೆಳಗಿಳಿಸಿ. ಕೆಲವು ಕಂಪನಿಗಳು ಪಿಕ್ಚರ್ ಸ್ಟೈಲನ್ನು ಪಿಕ್ಚರ್ ಕಂಟ್ರೋಲ್ ಎಂದೋ ಕ್ರಿಯೇಟಿವ್ ಸ್ಟೈಲ್ ಎಂದೋ ಕರೆಯುತ್ತವೆ. ಶಾರ್ಪ್‌ನೆಸ್ ಇಳಿಸಿ ಎಂದಾಗಲೆಲ್ಲ ಎದುರಿಗಿರುವವರು ನನ್ನ ಮುಖ ನೋಡುತ್ತಾರೆ. ಆದರೆ ಆ ಗುಂಡಿ ಹೊಸ ವಿವರವನ್ನೇನೂ ಸೃಷ್ಟಿಸುವುದಿಲ್ಲ, ವಸ್ತುಗಳ ಅಂಚಿನಲ್ಲಿ ಕಪ್ಪುಬಿಳುಪಿನ ವ್ಯತ್ಯಾಸವನ್ನು ಹೆಚ್ಚಿಸುತ್ತದೆ, ಅಷ್ಟೆ. ಕಬ್ಬಿನ ಗರಿಗಳ ಸುತ್ತ ಬಿಳಿ ಗೆರೆ ಮೂಡುವುದು ಅದರಿಂದಲೇ. ಒಮ್ಮೆ ಫೈಲಿನೊಳಗೆ ಕುಳಿತ ಆ ಗೆರೆಯನ್ನು ಎಡಿಟಿಂಗ್‌ನಲ್ಲಿ ತೆಗೆಯಲು ಬರುವುದಿಲ್ಲ. ಕಡಿಮೆ ಇಟ್ಟು ಚಿತ್ರೀಕರಿಸಿದರೆ ಬೇಕಾದಷ್ಟನ್ನು ಆಮೇಲೆ ಕೊಡಬಹುದು. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ತೋರುವ ಸೂಕ್ಷ್ಮತೆ) ಏರಿಸಿದಾಗ ಮೂಡುವ ಕಾಳುಕಾಳನ್ನು ಒರೆಸುವ ಹೈ ಐಎಸ್‌ಒ ನಾಯ್ಸ್ ರಿಡಕ್ಷನ್ ಅನ್ನೂ ತಗ್ಗಿಸಿ. ಅದು ಜಾಸ್ತಿಯಾದರೆ ಅಜ್ಜಿಯ ಮುಖದ ಸುಕ್ಕುಗಳು ಅಳಿಸಿಹೋಗಿ ಮೇಣದ ಗೊಂಬೆಯಾಗುತ್ತಾರೆ.

ಇನ್ನು ಷಟರ್, ಅಂದರೆ ಪ್ರತಿ ಫ್ರೇಮಿಗೂ ಬೆಳಕು ಬೀಳುವ ಹೊತ್ತು. ಕ್ಯಾಮೆರಾವನ್ನು ಮೆನುವಿನಲ್ಲಿ ಪಾಲ್ (PAL) ವಿಡಿಯೊ ವ್ಯವಸ್ಥೆಗೆ ಹಾಕಿ, ಸೆಕೆಂಡಿಗೆ 25 ಫ್ರೇಮ್, ಷಟರ್ 1/50 ಸೆಕೆಂಡ್ ಇಡಿ. ನಮ್ಮ ವಿದ್ಯುತ್ 50 ಹರ್ಟ್ಸ್, ಹಾಗಾಗಿ ಛತ್ರದ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಬಾರಿ ಮಿಣುಕುತ್ತದೆ. 1/50 ಮತ್ತು 1/100 ಅದಕ್ಕೆ ಹೊಂದುತ್ತವೆ. ಕೆಲವು ಎಲ್‌ಇಡಿ ಸರಗಳು ಈ ಲೆಕ್ಕಕ್ಕೂ ಬಗ್ಗುವುದಿಲ್ಲ, ಅವನ್ನು ಫ್ರೇಮಿನಿಂದ ಹೊರಗಿಡುವುದೇ ಸುಲಭ. ಬೆಳಕು ಸಾಲದೆಂದು 1/25ಕ್ಕೆ ಇಳಿಯಬೇಡಿ, ತಾಳಿ ಕಟ್ಟುವ ಕೈ ಹೊಗೆಯಂತೆ ಕಾಣುತ್ತದೆ. ಗಾಣದೊಳಗೆ ಕಬ್ಬು ನುಗ್ಗುವ ವೇಗವನ್ನು ಬಿಡಿಸಿ ತೋರಿಸಬೇಕಿದ್ದರೆ 50 ಫ್ರೇಮ್, 1/100.

ಈ 1/50 ಬಯಲಿಗೆ ಬಂದಾಗ ತೊಂದರೆ ಕೊಡುತ್ತದೆ. ನಡುಮಧ್ಯಾಹ್ನದ ಬಿಸಿಲಿನಲ್ಲಿ ಐಎಸ್‌ಒ 100 ಇದ್ದರೂ ಅಪರ್ಚರ್, ಅಂದರೆ ಲೆನ್ಸಿನೊಳಗಿನ ಕಿಂಡಿಯನ್ನು, ಸುಮಾರು ಎಫ್/22ರವರೆಗೆ ಮುಚ್ಚಬೇಕಾಗುತ್ತದೆ. ಅಷ್ಟು ಸಣ್ಣ ಕಿಂಡಿಯಲ್ಲಿ ಹಾಯುವ ಬೆಳಕು ಚದುರುತ್ತದೆ, ಇಡೀ ಚಿತ್ರವೇ ಮೆತ್ತಗಾಗುತ್ತದೆ. ಮಸುಕಿನ ದೂರು ತಂದವರ ಹಗಲಿನ ವಿಡಿಯೊ ನೋಡಿದಾಗ ನಾನು ಮೊದಲು ಅನುಮಾನಿಸುವುದು ಇದನ್ನೇ. ಮದ್ದು ಎಂದರೆ ಲೆನ್ಸಿನ ಮುಂದೆ ಹಾಕುವ ಕಪ್ಪು ಗಾಜು, ಎನ್‌ಡಿ ಫಿಲ್ಟರ್: ಎನ್‌ಡಿ16 ಹಾಕಿದರೆ ಬೆಳಕು ನಾಲ್ಕು ಸ್ಟಾಪ್, ಅಂದರೆ ಹದಿನಾರನೇ ಒಂದು ಪಾಲಿಗೆ, ಕುಗ್ಗಿ ಎಫ್/5.6ಕ್ಕೆ ಬರಬಹುದು. ಕಿಟ್ ಲೆನ್ಸ್ ಎಫ್/5.6ರಿಂದ ಎಫ್/8ರ ನಡುವೆಯೇ ಚೊಕ್ಕ. ಹಣ ಖರ್ಚು ಮಾಡಲೇಬೇಕೆಂದಿದ್ದರೆ ಇದಕ್ಕೆ ಮಾಡಿ. ತಿರುಗಿಸುವ ವೇರಿಯಬಲ್ ಎನ್‌ಡಿ ಕೊಂಡರೆ ಕೊನೆಯ ತುದಿಯವರೆಗೆ ತಿರುಗಿಸಬೇಡಿ, ಆಕಾಶದಲ್ಲಿ ಕಪ್ಪು ಅಡ್ಡಪಟ್ಟೆ ಬರುತ್ತದೆ.

ಫೋಕಸ್‌ನಲ್ಲಿ ಆಲೆಮನೆಯಷ್ಟು ಸತಾಯಿಸುವ ಜಾಗ ಇನ್ನೊಂದಿಲ್ಲ. ಕೊಪ್ಪರಿಗೆಯಿಂದ ಹಬೆ ಎದ್ದ ಕೂಡಲೇ ಆಟೊಫೋಕಸ್ ಹಿಂದೆ ಮುಂದೆ ಅಲೆಯತೊಡಗುತ್ತದೆ. ಮ್ಯಾನ್ಯುಯಲ್‌ಗೆ ಹಾಕಿ, ರೆಕಾರ್ಡ್ ಒತ್ತುವ ಮುಂಚೆ ಪರದೆಯನ್ನು 5 ಅಥವಾ 10 ಪಟ್ಟು ಹಿಗ್ಗಿಸಿ, ಕೊಪ್ಪರಿಗೆಯ ಅಂಚಿಗೋ ಬೆಲ್ಲ ಕಾಯಿಸುವವರ ಕಣ್ಣಿಗೋ ಫೋಕಸ್ ಕೂರಿಸಿ. ಜೂಮ್ ಮಾಡಿ ಫೋಕಸ್ ಹಿಡಿದು ಮತ್ತೆ ಹಿಂದಕ್ಕೆ ಬನ್ನಿ ಎಂದು ಹಳಬರು ಹೇಳುತ್ತಾರೆ. ಹಳೆಯ ವಿಡಿಯೊ ಕ್ಯಾಮೆರಾಗಳಿಗೆ ಅದು ಸರಿ, ಇಂದಿನ ಬಹುತೇಕ ಫೋಟೊ ಲೆನ್ಸ್‌ಗಳಲ್ಲಿ ಜೂಮ್ ಬದಲಾದರೆ ಫೋಕಸ್ ಕೂಡ ಜರುಗುತ್ತದೆ. ಗಾಳಿ ಹಬೆಯನ್ನು ಆಚೆ ತಳ್ಳುವ ಕಡೆ ನಿಲ್ಲಿ, ಲೆನ್ಸನ್ನು ಆಗಾಗ ಒರೆಸುತ್ತಿರಿ.

ದೂರದ ದೃಶ್ಯಗಳಿಗೆ ಮುಂಜಾನೆಯೇ ಲೇಸು. ಹೊತ್ತೇರಿದ ಮೇಲೆ ಮೈಸೂರಿನ ಯಾವುದೋ ಮಹಡಿಯಿಂದ ಚಾಮುಂಡಿ ಬೆಟ್ಟಕ್ಕೆ ಟೆಲಿ ಲೆನ್ಸ್ ತಿರುಗಿಸಿದರೆ ಕಾದ ಗಾಳಿ ಗೋಪುರವನ್ನೇ ಅಲುಗಾಡಿಸುತ್ತದೆ. ಎಷ್ಟು ಲಕ್ಷದ ಲೆನ್ಸ್ ಆದರೂ ಅದನ್ನು ನಿಲ್ಲಿಸಲಾರದು.

ರೇಷ್ಮೆ ಸೀರೆಯ ಜರಿಯಂಚಿನಲ್ಲಿ ಬಣ್ಣಬಣ್ಣದ ಅಲೆಗಳು ಕಂಡರೆ ಒಂದು ಹೆಜ್ಜೆ ಹಿಂದೆ ಸರಿಯಿರಿ ಅಥವಾ ಕೋನ ಬದಲಿಸಿ. 24 ಮೆಗಾಪಿಕ್ಸೆಲ್ ಸೆನ್ಸರ್‌ನಿಂದ ಸುಮಾರು 20 ಲಕ್ಷ ಚುಕ್ಕಿಗಳ ಫುಲ್ ಎಚ್‌ಡಿ ಫ್ರೇಮ್ ತೆಗೆಯುವಾಗ ಕೆಲವು ಕ್ಯಾಮೆರಾಗಳು ನಡುವಿನ ಸಾಲುಗಳನ್ನು ಬಿಟ್ಟುಬಿಡುವುದರಿಂದ ಹೀಗಾಗುತ್ತದೆ. ನಿಮ್ಮ ಕ್ಯಾಮೆರಾದಲ್ಲಿ 4ಕೆ ಇದ್ದರೆ ಅದರಲ್ಲೇ ಚಿತ್ರೀಕರಿಸಿ, ಎಡಿಟಿಂಗ್‌ನಲ್ಲಿ 1080ಕ್ಕೆ (ಫುಲ್ ಎಚ್‌ಡಿಗೆ) ಇಳಿಸಿ; ಹೆಚ್ಚಿನ ಕ್ಯಾಮೆರಾಗಳ ನೇರ 1080ಕ್ಕಿಂತ ಅದೇ ಸ್ಪಷ್ಟ. ಸೆಕೆಂಡಿಗೆ ಕನಿಷ್ಠ 30 ಮೆಗಾಬೈಟ್ ಬರೆಯಬಲ್ಲ ವಿ30 ಗುರುತಿನ ಮೆಮೊರಿ ಕಾರ್ಡ್ ಸಾಕು. ಸೆಕೆಂಡಿಗೆ 100 ಮೆಗಾಬಿಟ್ ಲೆಕ್ಕದಲ್ಲಿ ಒಂದು ಗಂಟೆಗೆ 45 ಜಿಬಿ ತುಂಬುತ್ತದೆ, ಧಾರೆ ಮುಹೂರ್ತಕ್ಕೆ ಮುನ್ನ ಕಾರ್ಡ್ ಖಾಲಿ ಮಾಡಿಕೊಳ್ಳಿ.

ಶಾರ್ಪನಿಂಗ್ ಎಡಿಟಿಂಗ್‌ನ ಕೊನೆಯ ಕೆಲಸ. ಚಿತ್ರವನ್ನು ಪೂರ್ಣ ಗಾತ್ರದಲ್ಲಿ ನೋಡುತ್ತಾ ಸ್ವಲ್ಪ ಸ್ವಲ್ಪವೇ ಏರಿಸಿ, ಅಂಚಿನಲ್ಲಿ ಬಿಳಿ ಗೆರೆಯ ಸುಳಿವು ಕಂಡೊಡನೆ ತುಸು ಹಿಂದಕ್ಕೆ ಬನ್ನಿ. ಮದುಮಗಳ ಮನೆಯವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ವಿಡಿಯೊ ಎಂದು ಕಳಿಸಿದರೆ ಅದು ಹಿಂಡಿ ಚಿಕ್ಕದು ಮಾಡುತ್ತದೆ, ಬೈಗುಳ ಮಾತ್ರ ನಿಮಗೆ ಬರುತ್ತದೆ.